ದೇವಾಲಯವೆ, ಸಭಾಭವನವೆ? : ವೆಸ್ಟ್‌ಮಿನ್‌ಸ್ಟರ್‌ನ ಮೆಥಡಿಸ್ಟ್ ಸೆಂಟ್ರಲ್ ಹಾಲ್‌ನ ವಾಸ್ತುವಿನ್ಯಾಸ

1

ಕನ್ನಡ ಮಾತನಾಡುವ ಪ್ರೊಟೆಸ್ಟೆಂಟ್ ಕ್ರೈಸ್ತರಲ್ಲಿ ವಿಶ್ವಾಸಿಗಳ ಸಮುದಾಯವನ್ನು ‘ಸಭೆ’ ಎಂದೂ ಆ ಸಮುದಾಯ ಕೂಡಿ ಆರಾಧಿಸುವ ಕಟ್ಟಡವನ್ನು ‘ದೇವಾಲಯ’ ಎಂದೂ ಕರೆಯುವುದು ರೂಢಿ. ಸಭೆಯನ್ನು ನೋಡಿಕೊಳ್ಳುವವರು ಸಭಾಪಾಲಕರು. ಅವರು ಮಾಡುವ ಧರ್ಮೋಪದೇಶ ‘ಪ್ರಸಂಗ’. (ಕರಾವಳಿಯ ಕಡೆ ಇದೇ ಪ್ರಸಂಗವೆಂಬ ಮಾತು ಯಕ್ಷಗಾನದ ಕಥಾವಸ್ತುವನ್ನು ಸೂಚಿಸುತ್ತದೆ ಎಂಬುದು ಬೇರೆಯೇ ಕುತೂಹಲದ ಸಂಗತಿ.) ಇಂಗ್ಲಿಷಿನ ‘ಚರ್ಚ್’ ಎಂಬ ಒಂದೇ ಪದ ಜನವನ್ನೂ ಕಟ್ಟಡವನ್ನೂ ಹೊತ್ತು ನಿಂತಿದ್ದರೆ ಕನ್ನಡ ಬೈಬಲಿನ ಅನುವಾದಕರು ಅದನ್ನು ಒಡೆದರು. ಗ್ರೀಕ್ ಮೂಲದ ‘ಎಕ್ಲೇಸಿಯಾ’ ಪದಕ್ಕೆ ನಗರದ ಪ್ರಜೆಗಳ ಕೂಟವೆಂಬ ಹಳೆಯ ಅರ್ಥವೊಂದಿದೆ. ‘ಸಭೆ’ ಎಂಬ ಆಯ್ಕೆ ಆ ಅರ್ಥಕ್ಕೆ ತೀರ ಹತ್ತಿರವಾದುದು. ಆದರೆ ಕಟ್ಟಡದ ಹೆಸರಿನ ವಿಷಯದಲ್ಲಿ ಕನ್ನಡವು ಬೇರೆ ದಾರಿ ಹಿಡಿಯಿತು. ‘ದೇವಾಲಯ’ವೆಂದರೆ ದೇವರ ಮನೆ, ಅಲ್ಲಿ ಜನ ಕೂಡದೆ ಇದ್ದರೂ ಅದು ದೇವಾಲಯವೇ.

ಈ ಎರಡು ಪದಗಳ ನಡುವಿನ ಅಂತರವೇ ಮೆಥಡಿಸ್ಟ್ ಪಂಥದ ಕಟ್ಟಡಗಳ ಇತಿಹಾಸದುದ್ದಕ್ಕೂ ಕಾಣಿಸಿಕೊಂಡ ಸಮಸ್ಯೆಯಾಗಿದೆ. ತಾವು ಕಟ್ಟುತ್ತಿರುವುದು ದೇವರ ಮನೆಯನ್ನೋ ಜನರು ಕೂಡುವ ಮನೆಯನ್ನೋ ಎಂಬ ಪ್ರಶ್ನೆಗೆ ಆ ಪಂಥದವರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಅವುಗಳಲ್ಲಿ ಅತ್ಯಂತ ದೊಡ್ಡದೂ ವಿವಾದಾಸ್ಪದವೂ ಆದ ಉತ್ತರವೆಂದರೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಎದುರಿಗೆ 1912ರಲ್ಲಿ ತೆರೆದ ಮೆಥಡಿಸ್ಟ್ ಸೆಂಟ್ರಲ್ ಹಾಲ್. ಅದರ ಹೆಸರಿನಲ್ಲಿ ಚರ್ಚ್ ಎಂಬ ಪದವಿಲ್ಲ, ನೆತ್ತಿಯಲ್ಲಿ ಚೂಪಾದ ಶಿಖರವಿಲ್ಲ, ಮುಖದಲ್ಲಿ ಚೂಪುಗಮಾನಿನ ಕಿಟಕಿಗಳಿಲ್ಲ. ಇದನ್ನು ನಾಟಕಶಾಲೆಯ ಅನುಕರಣೆಯೆಂದು ಬದಿಗಿಡುವ ಅಭಿಪ್ರಾಯವೂ ಇದೆ. ಆ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು, ಅದೇ ಕಾಲದಲ್ಲಿ ಅದೇ ಪಂಥದ ಕನ್ನಡ ಸಭೆಯು ಬೆಂಗಳೂರಿನಲ್ಲಿ ಕಟ್ಟಿದ ಆಲಯದ ಎದುರಿಗೆ ಅದನ್ನಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ಜಾನ್ ವೆಸ್ಲಿ (1703-1791) ಇಂಗ್ಲೆಂಡಿನ ಅಧಿಕೃತ ಚರ್ಚಿನ ದೀಕ್ಷೆ ಪಡೆದ ಪಾದ್ರಿ. ಸಾಯುವವರೆಗೂ ಅದರೊಳಗೇ ಉಳಿದವನು. 1739ರಲ್ಲಿ ಅವನು ಬಯಲಿನಲ್ಲಿ ನಿಂತು ಗಣಿ ಕೆಲಸಗಾರರಿಗೂ ಕೂಲಿಕಾರರಿಗೂ ಪ್ರಸಂಗ ಮಾಡಲು ತೊಡಗಿದಾಗ ಅವನ ಅನುಯಾಯಿಗಳ ಕೂಟಕ್ಕೆ ಒಂದು ಸೂರು ಬೇಕಾಯಿತು. ಅದೇ ವರ್ಷ ಬ್ರಿಸ್ಟಲ್ ನಗರದಲ್ಲಿ ‘ಹೊಸ ಕೋಣೆ’ ಎಂಬರ್ಥದ ‘ನ್ಯೂ ರೂಮ್’ ತಲೆಯೆತ್ತಿತು. 1748ರಲ್ಲಿ ಅದನ್ನು ವಿಸ್ತರಿಸಲಾಯಿತು. ಇದು ಪಂಥದ ಮೊದಲ ಕಟ್ಟಡ. ಹೆಸರೇ ಎಷ್ಟು ನಿರಾಡಂಬರವಾದುದು ಎಂಬುದನ್ನು ಗಮನಿಸಬೇಕು. ಕೆಳಗೆ ಜನರು ಕೂಡುವ ಅಂಕಣ, ಎರಡು ಹಂತದ ಪ್ರಸಂಗಪೀಠ, ಮೇಲೆ ಊರೂರು ಸುತ್ತುವ ಬೋಧಕರು ಬಂದು ತಂಗುವ ಕೋಣೆಗಳು, ನಡುಮಾಡಿನಲ್ಲಿ ಬೆಳಕಿಗಾಗಿ ಎಂಟು ಮೂಲೆಯ ಗವಾಕ್ಷ. ಬಡವರಿಗೆ ಔಷಧಿ ಕೊಡುವುದು, ಮಕ್ಕಳಿಗೆ ಅಕ್ಷರ ಕಲಿಸುವುದು, ಪುಸ್ತಕ ಮಾರುವುದು ಎಲ್ಲವೂ ಅದೇ ಸೂರಿನಡಿ ನಡೆದವು. ಲಂಡನ್ನಿನಲ್ಲಿ ಅವನು ಕೊಂಡ ಮೊದಲ ನೆಲೆಯಂತೂ ಫಿರಂಗಿ ಎರಕ ಹೊಯ್ಯುತ್ತಿದ್ದ ಹಳೆಯ ಕಾರ್ಖಾನೆ. ಅದನ್ನು ಕೊನೆಯವರೆಗೂ ‘ಫೌಂಡ್ರಿ’ ಎಂದೇ ಕರೆದರು.

ಈ ಕಟ್ಟಡಗಳಿಗೆ ಏನೆಂದು ಹೆಸರಿಡಬೇಕು? ‘ಚರ್ಚ್’ ಎಂದರೆ ಅಧಿಕೃತ ಚರ್ಚಿಗೆ ಎದುರಾಗಿ ನಿಂತಂತೆ. ‘ಮೀಟಿಂಗ್ ಹೌಸ್’ ಎಂದರೆ ಅದರಿಂದ ಹೊರಬಿದ್ದ ಭಿನ್ನಮತೀಯರ ಸಾಲಿಗೆ ಸೇರಿದಂತೆ. ವೆಸ್ಲಿಗೆ ಎರಡೂ ಬೇಡ. ‘ಪ್ರೀಚಿಂಗ್ ಹೌಸ್’ ಅಥವಾ ಚ್ಯಾಪೆಲ್ ಎಂದಷ್ಟೇ ಕರೆಯಿರಿ ಎಂದು ಬೋಧಕರ ಸಮ್ಮೇಳನದ ನಡಾವಳಿಗಳಲ್ಲಿ ಅವನು ವಿಧಿಸಿದ. ಪ್ರಸಂಗ ಮಾಡುವ ಮನೆ ಎಂಬ ಈ ಹೆಸರು ಕಟ್ಟಡವನ್ನು ಅದರ ಪಾವಿತ್ರ್ಯದಿಂದಲ್ಲ, ಅಲ್ಲಿ ನಡೆಯುವ ಕೆಲಸದಿಂದ ಗುರುತಿಸುತ್ತದೆ. ಅದೇ ನಡಾವಳಿಗಳಲ್ಲಿ ವಾಸ್ತುವಿಗೆ ಸಂಬಂಧಿಸಿದ ವಿಧಿಗಳೂ ಇವೆ: ನಿವೇಶನ ಒಗ್ಗಿದರೆ ಕಟ್ಟಡ ಎಂಟು ಮೂಲೆಯದಾಗಿರಲಿ, ಏಕೆಂದರೆ ಧ್ವನಿಗೆ ಅದು ಅನುಕೂಲ, ಖಾಸಗಿ ಆವರಣಗಳಿರುವ ಪೀಠಗಳು ಬೇಡ, ಆಸನಗಳಿಗೆ ಒರಗು ಬೇಡ. ಯಾರ್ಮ್ (1763) ಮತ್ತು ಹೆಪ್ಟನ್‌ಸ್ಟಾಲ್ (1764) ಊರುಗಳ ಎಂಟು ಮೂಲೆಯ ಕಟ್ಟಡಗಳು ಈ ವಿಚಾರದ ಫಲ. ಪೂರ್ವಪಶ್ಚಿಮವಾಗಿ ಉದ್ದಕ್ಕೆ ಚಾಚಿದ ಮಧ್ಯಯುಗದ ಚರ್ಚಿನಲ್ಲಿ ಕಣ್ಣು ದೂರದ ವೇದಿಕೆಯತ್ತ ಸಾಗುತ್ತದೆ. ಎಂಟು ಮೂಲೆಯ ಅಂಕಣದಲ್ಲಿ ಎಲ್ಲ ಕಿವಿಗಳೂ ಮಾತನಾಡುವವನಿಗೆ ಹತ್ತಿರವಾಗುತ್ತವೆ. ಇದು ನೋಟದ ವಾಸ್ತುವಲ್ಲ, ಶ್ರವಣದ ವಾಸ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಕಟ್ಟಡದ ಧಾರ್ಮಿಕ ಸ್ವರೂಪವನ್ನು ವೆಸ್ಲಿ ಕಲ್ಲಿನಲ್ಲಿ ಕಾಯ್ದಿರಿಸಲಿಲ್ಲ, ಕಾಗದದಲ್ಲಿ ಕಾಯ್ದಿರಿಸಿದ. 1763ರ ‘ಮಾದರಿ ಪತ್ರ’ ಎಂಬ ಟ್ರಸ್ಟಿನ ದಸ್ತಾವೇಜಿನ ಪ್ರಕಾರ, ಹೊಸ ಒಡಂಬಡಿಕೆಗೆ ಅವನು ಬರೆದ ಟಿಪ್ಪಣಿಗಳಿಗೂ ಅವನ ಪ್ರಸಂಗಗಳ ನಾಲ್ಕು ಸಂಪುಟಗಳಿಗೂ ವಿರುದ್ಧವಾದ ಸಿದ್ಧಾಂತವನ್ನು ಆ ಪೀಠದಿಂದ ಬೋಧಿಸುವಂತಿಲ್ಲ. ಗೋಡೆ ಯಾವುದಾದರೂ ಆಗಬಹುದು. ಪೀಠದಿಂದ ಹೊರಡುವ ಮಾತು ಮಾತ್ರ ಪತ್ರಕ್ಕೆ ಬದ್ಧವಾಗಿರಬೇಕು. ಕಟ್ಟಡದ ರೂಪದ ಬಗ್ಗೆ ಮೆಥಡಿಸ್ಟರು ಮುಂದೆ ತೋರಿದ ಸಲೀಸಾದ ಧೋರಣೆಯ ಬೇರು ಇಲ್ಲಿದೆ ಎನ್ನಬಹುದು.

ಅಲೆದಾಡುವ ಬೋಧಕ, ನಿರಾಡಂಬರ ಮನೆ, ಮಾತಿನ ಪ್ರಾಧಾನ್ಯ ಇವುಗಳನ್ನು ಕಂಡ ಕನ್ನಡ ಓದುಗರಿಗೆ ವಚನಕಾರರ ಸ್ಥಾವರ-ಜಂಗಮ ಕಲ್ಪನೆ ನೆನಪಾಗುವುದು ಸಹಜ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಶರಣರದು ದೇಹವನ್ನೇ ದೇಗುಲವಾಗಿಸಿಕೊಂಡು ಸ್ಥಾವರವನ್ನು ನಿರಾಕರಿಸಿದ ನಿಲುವು. ವೆಸ್ಲಿಯ ಆಕ್ಷೇಪ ಸ್ಥಾವರದ ಬಗ್ಗೆ ಅಲ್ಲ. ಅದರಲ್ಲಿ ಬಡವನಿಗೆ ಜಾಗವಿಲ್ಲವೆಂಬುದರ ಬಗ್ಗೆ.

ಆ ಬಡವನ ಜಾಗವೂ ಬಹುಕಾಲ ಹಾಗೇ ಉಳಿಯಲಿಲ್ಲ. ಫೌಂಡ್ರಿಗೆ ಬದಲಾಗಿ ಲಂಡನ್ನಿನ ಸಿಟಿ ರೋಡಿನಲ್ಲಿ 1778ರಲ್ಲಿ ತೆರೆದ ವೆಸ್ಲಿ ಚ್ಯಾಪೆಲ್ ಕಿರಿಯ ಜಾರ್ಜ್ ಡ್ಯಾನ್ಸ್‌ನ ವಿನ್ಯಾಸವೆಂದು ಹೇಳಲಾದ, ಅಚ್ಚುಕಟ್ಟಾದ ಇಟ್ಟಿಗೆಯ ಕಟ್ಟಡ. ಅದರ ಉಪ್ಪರಿಗೆಯನ್ನು ಹೊತ್ತ ಕಂಬಗಳು ಮೂರನೆಯ ಜಾರ್ಜ್ ದೊರೆ ಕೊಟ್ಟ ಹಡಗಿನ ಕೂವೆಮರಗಳೆಂಬುದು ಪರಂಪರೆಯ ಹೇಳಿಕೆ. 1891ರಲ್ಲಿ, ವೆಸ್ಲಿ ತೀರಿ ನೂರು ವರ್ಷವಾದಾಗ, ಅವುಗಳನ್ನು ತೆಗೆದು ಸಾಗರದಾಚೆಯ ಮೆಥಡಿಸ್ಟ್ ಸಭೆಗಳು ಕೊಟ್ಟ ನುಣುಪು ಜಾಸ್ಪರ್ ಕಲ್ಲಿನ ಕಂಬಗಳನ್ನು ನಿಲ್ಲಿಸಲಾಯಿತು. ಮರದಿಂದ ಕಲ್ಲಿಗಾದ ಈ ಬದಲಾವಣೆಯಲ್ಲಿ ಒಂದು ಪಂಥದ ವರ್ಗಚಲನೆಯ ಕಥೆಯೇ ಅಡಗಿದೆ.

3

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮೆಥಡಿಸ್ಟರು ಅಂಗಡಿಕಾರರು, ಗಿರಣಿ ಮಾಲೀಕರು, ವಕೀಲರು ಆಗಿದ್ದರು. ‘ಪ್ರಸಂಗದ ಮನೆ’ ಎಂಬ ಮಾತು ಅವರಿಗೆ ಸಾಲದಾಯಿತು. ವಾಸ್ತುಶಿಲ್ಪದ ತರಬೇತಿಯೂ ಇದ್ದ ಬೋಧಕ ಎಫ್. ಜೆ. ಜಾಬ್ಸನ್ 1850ರಲ್ಲಿ ಚ್ಯಾಪೆಲ್ ಮತ್ತು ಶಾಲೆಗಳ ವಾಸ್ತುವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಆರಾಧನೆಯ ಮನೆಯು ನೋಡಿದೊಡನೆ ಆರಾಧನೆಯ ಮನೆಯೆಂದು ತಿಳಿಯುವಂತಿರಬೇಕು, ನಾಟಕಶಾಲೆಯೋ ಉಗ್ರಾಣವೋ ಎಂಬ ಸಂದೇಹಕ್ಕೆ ಎಡೆಯಿರಬಾರದು ಎಂದು ವಾದಿಸಿದ. ಅದಕ್ಕೆ ತಕ್ಕ ಶೈಲಿಯೆಂದು ಅವನು ಸೂಚಿಸಿದ್ದು ಗಾಥಿಕ್. ಚೂಪುಗಮಾನು, ಶಿಖರ, ಬಣ್ಣದ ಗಾಜು ಇವೆಲ್ಲ ಮೆಥಡಿಸ್ಟ್ ಕಟ್ಟಡಗಳಿಗೆ ಬಂದದ್ದು ಹೀಗೆ. ಇದರೊಂದಿಗೆ ಪೀಠಗಳನ್ನು ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಪದ್ಧತಿಯೂ ಬಲವಾಗಿ ಬೇರೂರಿತ್ತು. ಬಾಡಿಗೆ ತೆರಲಾಗದವನಿಗೆ ಉಳಿದದ್ದು ಹಿಂಬದಿಯ ಉಚಿತ ಬೆಂಚು.

ಮೈಸೂರು ಸೀಮೆಗೆ ವೆಸ್ಲಿಯನ್ ಮಿಷನ್ನಿನ ಮೂಲಕ ಬಂದದ್ದು ಈ ಗಾಥಿಕ್ ರುಚಿಯೇ. 1830ರ ದಶಕದ ಕೊನೆಯಲ್ಲಿ ಗುಬ್ಬಿಯಲ್ಲಿ ನೆಲೆಸಿದ್ದ ವಿಲಿಯಂ ಆರ್ಥರ್, ಕನ್ನಡ ವ್ಯಾಕರಣ ಬರೆದ ಥಾಮಸ್ ಹಾಡ್ಸನ್, ಬೆಂಗಳೂರಿನ ಮಿಷನ್ ಮುದ್ರಣಾಲಯವನ್ನು ನಡೆಸಿದ ಜಾನ್ ಗ್ಯಾರೆಟ್ ಮೊದಲಾದವರು ಕನ್ನಡ ಅಧ್ಯಯನದ ಚರಿತ್ರೆಯಲ್ಲಿ ಪರಿಚಿತರೇ. ಅವರು ಕಟ್ಟಿದ ವ್ಯಾಕರಣ, ನಿಘಂಟು, ಪತ್ರಿಕೆಗಳನ್ನು ಕುರಿತು ಸಾಕಷ್ಟು ಬರಹಗಳಿವೆ. ಆ ಮಿಷನ್ನು ಕಟ್ಟಿದ ಕಟ್ಟಡಗಳನ್ನು ಕುರಿತು ಅಷ್ಟಿಲ್ಲ. ಬೆಂಗಳೂರಿನಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಜೋಸೈಯ ಹಡ್ಸನ್‌ರ ನೆನಪಿಗಾಗಿ ಅಲ್ಲಿಯ ಕನ್ನಡ ಸಭೆಯು 1904ರಲ್ಲಿ ಕಟ್ಟಿಕೊಂಡ ಹಡ್ಸನ್ ಸ್ಮಾರಕ ದೇವಾಲಯವು ಗಾಥಿಕ್ ಮಾದರಿಯ ಕಲ್ಲಿನ ಕಟ್ಟಡ. ಪೇಟೆಗೂ ದಂಡಿಗೂ ನಡುವಿನ ಹಾದಿಯಲ್ಲಿ ನಿಂತ ಅದರ ಹೆಸರೇ ಎದುರಿನ ವೃತ್ತಕ್ಕೂ ಅಂಟಿಕೊಂಡಿತು. ಅದನ್ನು ಕಂಡವರಾರೂ ನಾಟಕಶಾಲೆಯೆಂದು ಭ್ರಮಿಸುವಂತಿಲ್ಲ. ಜಾಬ್ಸನ್‌ನ ಆಶಯ ಬೆಂಗಳೂರಿನಲ್ಲಿ ನೆರವೇರಿತೆಂದೇ ಹೇಳಬೇಕು.

ಆದರೆ ಆ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿ ಗಾಳಿ ತಿರುಗಿತ್ತು.

4

ಕೈಗಾರಿಕಾ ನಗರಗಳ ಮಧ್ಯಭಾಗದಲ್ಲಿದ್ದ ಗಾಥಿಕ್ ಚ್ಯಾಪೆಲ್‌ಗಳು ಖಾಲಿಯಾಗುತ್ತಿದ್ದವು. ಬಾಡಿಗೆ ಪೀಠದ ಕುಟುಂಬಗಳು ಹೊರವಲಯದ ಬಡಾವಣೆಗಳಿಗೆ ಹೋದವು. ಸುತ್ತಲಿನ ಕೂಲಿಕಾರರು ಒಳಗೆ ಬರಲಿಲ್ಲ. ಚರ್ಚಿನಂತೆ ಕಾಣುವ ಕಟ್ಟಡವೇ ಅವರನ್ನು ಹೊರಗೆ ನಿಲ್ಲಿಸುತ್ತಿದೆ ಎಂಬ ತಿಳಿವಳಿಕೆ 1880ರ ದಶಕದಲ್ಲಿ ಮೂಡಿತು. ಮ್ಯಾಂಚೆಸ್ಟರಿನಲ್ಲಿ 1886ರಲ್ಲಿ ಮೊದಲ ‘ಸೆಂಟ್ರಲ್ ಹಾಲ್’ ತೆರೆಯಿತು. ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್ ಮೊದಲಾದ ನಗರಗಳು ಆ ಮಾದರಿಯನ್ನು ಅನುಸರಿಸಿದವು. ಬಾಡಿಗೆಯಿಲ್ಲದ ಆಸನ, ನಾಟಕಶಾಲೆಯಂಥ ವೇದಿಕೆ, ಬೀದಿಯ ಮುಖಕ್ಕೆ ಅಂಗಡಿಮಳಿಗೆಗಳು, ವಾರಪೂರ್ತಿ ಸಂಗೀತ, ಉಪನ್ಯಾಸ, ಮದ್ಯಪಾನವಿರೋಧಿ ಕೂಟ, ಬಡವರ ನೆರವು. ಇದು ಹೊಸತೆಂದು ಹೇಳಿಕೊಳ್ಳಲಾಯಿತಾದರೂ ಬ್ರಿಸ್ಟಲ್ಲಿನ ‘ಹೊಸ ಕೋಣೆ’ಯಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ ಅಲ್ಲವೆ?

ವೆಸ್ಟ್‌ಮಿನ್‌ಸ್ಟರ್‌ನ ಭವನ ಈ ಚಳವಳಿಯ ಶಿಖರ. 1898ರಲ್ಲಿ ಸಂಸತ್ ಸದಸ್ಯ ರಾಬರ್ಟ್ ಪರ್ಕ್ಸ್‌ನ ಮುಂದಾಳುತನದಲ್ಲಿ ವೆಸ್ಲಿಯನ್ನರು ‘ಇಪ್ಪತ್ತನೆಯ ಶತಮಾನದ ನಿಧಿ’ಯನ್ನು ಆರಂಭಿಸಿದರು. ಹತ್ತು ಲಕ್ಷ ಜನರಿಂದ ತಲೆಗೊಂದು ಗಿನಿಯಂತೆ ಹತ್ತು ಲಕ್ಷ ಗಿನಿ ಕೂಡಿಸುವುದು ಅದರ ಸಂಕಲ್ಪ. 1904ರ ಹೊತ್ತಿಗೆ ಗುರಿ ಮೀರಿತು. ಹಣದ ಬಹುಪಾಲು ಶಿಕ್ಷಣ, ಮಿಷನ್ ಮೊದಲಾದ ಕೆಲಸಗಳಿಗೆ ಹೋಗಿ ಒಂದು ಪಾಲು ರಾಜಧಾನಿಯ ಭವನಕ್ಕೆ ಮೀಸಲಾಯಿತು. ಕೊಟ್ಟವರ ಹೆಸರುಗಳನ್ನು ಐವತ್ತು ಬೃಹತ್ ಸಂಪುಟಗಳಲ್ಲಿ ಬರೆದಿಡಲಾಗಿದೆ. ದಾನಶಾಸನಗಳನ್ನು ಓದಿ ಬಲ್ಲವರಿಗೆ ಈ ದಾಖಲೆ ವಿಶೇಷವಾಗಿ ಕಾಣುತ್ತದೆ. ನಮ್ಮ ಶಾಸನಗಳಲ್ಲಿ ಅರಸ, ದಂಡನಾಯಕ, ನಕರ, ಒಕ್ಕಲು ಎಂದು ಕೊಟ್ಟವರ ಅಂತಸ್ತಿಗೂ ಕೊಟ್ಟ ಭೂಮಿಯ ಅಳತೆಗೂ ಸ್ಥಾನವಿದೆ. ಇಲ್ಲಿ ಎಲ್ಲರ ಪಾಲೂ ಒಂದೇ ಗಿನಿ ಎಂಬ ಲೆಕ್ಕ. ಹಾಗೆಂದು ಇದನ್ನು ಸಮಾನತೆಯ ಪರಮಾವಧಿ ಎಂದುಕೊಳ್ಳಬೇಕಾಗಿಲ್ಲ: ಗಿನಿಯೆಂದರೆ ಇಪ್ಪತ್ತೊಂದು ಶಿಲಿಂಗು, ಕೂಲಿಕಾರನಿಗೆ ಅದು ವಾರದ ದುಡಿಮೆಯೇ.

ನಿವೇಶನದ ಆಯ್ಕೆಯಲ್ಲೂ ಅರ್ಥವಿದೆ. 1876ರಲ್ಲಿ ತೆರೆದ ರಾಯಲ್ ಅಕ್ವೇರಿಯಂ ಎಂಬ ವಿನೋದಮಂದಿರವೂ ಅದಕ್ಕೆ ಸೇರಿದ ನಾಟಕಶಾಲೆಯೂ ಇದ್ದ ನೆಲ ಅದು. ಎದುರಿಗೆ ರಾಜರ ಪಟ್ಟಾಭಿಷೇಕ ನಡೆಯುವ ಅಬೆ, ಹತ್ತು ಹೆಜ್ಜೆ ಆಚೆ ಸಂಸತ್ತು. ಸ್ವಲ್ಪ ದೂರದಲ್ಲಿ ಕ್ಯಾಥೊಲಿಕರು 1895ರಲ್ಲಿ ಆರಂಭಿಸಿ 1903ರಲ್ಲಿ ಬಳಕೆಗೆ ತಂದ ಬೈಜಾಂಟೈನ್ ಶೈಲಿಯ ಮಹಾಮಂದಿರ. ಈ ನೆರೆಹೊರೆಯಲ್ಲಿ ಗಾಥಿಕ್ ಕಟ್ಟಿದ್ದರೆ ಅದು ಅಬೆಯ ಬಡ ಅನುಕರಣೆಯಾಗುತ್ತಿತ್ತು. ಸ್ಪರ್ಧೆಯಲ್ಲಿ ಗೆದ್ದ ಲ್ಯಾಂಚೆಸ್ಟರ್ ಮತ್ತು ರಿಕರ್ಡ್ಸ್ ಜೋಡಿ ಕಾರ್ಡಿಫ್ ನಗರಸಭಾ ಭವನದಿಂದ ಹೆಸರಾಗಿತ್ತು. ಅಂದರೆ ಮೆಥಡಿಸ್ಟರು ಆರಿಸಿದ್ದು ದೇವಾಲಯ ಕಟ್ಟಿ ಪಳಗಿದವರನ್ನಲ್ಲ, ಪೌರಭವನ ಕಟ್ಟಿ ಪಳಗಿದವರನ್ನು. ವಿನ್ಯಾಸದ ಕೈ ಮುಖ್ಯವಾಗಿ ಎಡ್ವಿನ್ ರಿಕರ್ಡ್ಸ್‌ನದು. ವಿಯೆನ್ನಾದ ಬರೋಕ್ ಶೈಲಿಯ ಛಾಯೆ ಎದ್ದು ಕಾಣುತ್ತದೆ. (ಪಾಲುದಾರ ಎಚ್. ವಿ. ಲ್ಯಾಂಚೆಸ್ಟರ್ ಮುಂದೆ ಭಾರತಕ್ಕೆ ಬಂದು ಮದರಾಸಿನ ನಗರಯೋಜನೆಯನ್ನು ಕುರಿತು ಬರೆದ. ಜೋಧಪುರದ ಉಮೈದ್ ಭವನ ಅವನದೇ ವಿನ್ಯಾಸ. ಅಲ್ಲಿಯೂ ನಡುವೆ ಗುಮ್ಮಟವಿದೆ.)

ಹೊರಗೋಡೆಗಳ ಬಿಳಿಗಲ್ಲು, ತೂಗುಮಾಲೆಗಳ ಕೆತ್ತನೆ, ಜೋಡಿಗಂಬಗಳು ನೋಡುವವನಿಗೆ ಹದಿನೇಳನೆಯ ಶತಮಾನವನ್ನು ನೆನಪಿಸಿದರೂ ಒಳಗಿನ ಮೈಕಟ್ಟು ಉಕ್ಕು ಹೂತ ಕಾಂಕ್ರೀಟಿನದು. ಬ್ರಿಟನ್ನಿನಲ್ಲಿ ಆ ತಂತ್ರದ ಆರಂಭಕಾಲದ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಈ ತಂತ್ರವಿಲ್ಲದಿದ್ದರೆ ಇಲ್ಲಿನ ಮುಖ್ಯ ಸಾಧನೆ ಸುಲಭಸಾಧ್ಯವಾಗುತ್ತಿರಲಿಲ್ಲ: ಎರಡು ಸಾವಿರಕ್ಕೂ ಹೆಚ್ಚು ಜನ ಕೂರುವ ಮಹಾಸಭಾಂಗಣವನ್ನು ನೆಲದ ಮೇಲಲ್ಲ, ಮೇಲಂತಸ್ತಿನಲ್ಲಿ ಎತ್ತಿ ನಿಲ್ಲಿಸಲಾಗಿದೆ. ಕೆಳಗೆ ಉಪನ್ಯಾಸದ ಅಂಕಣ, ಗ್ರಂಥಾಲಯ, ಕಚೇರಿಗಳು. ಬೀದಿಯಿಂದ ಬಂದವನು ವಿಶಾಲವಾದ ಜೋಡಿ ಮೆಟ್ಟಿಲುಗಳನ್ನೇರಿ ಹೋಗಬೇಕು. ಆ ಮೆಟ್ಟಿಲುಗಳು ಇಡೀ ಕಟ್ಟಡದ ಅತ್ಯಂತ ಯಶಸ್ವಿ ಭಾಗ ಎನ್ನಲಡ್ಡಿಯಿಲ್ಲ. ಇಂಥದೊಂದು ಮೆಟ್ಟಿಲನ್ನು ಅರಮನೆ, ಸಂಗೀತ ನಾಟಕಶಾಲೆಗಳ ಹೊರತು ಬೇರೆಲ್ಲೂ ಸಾಮಾನ್ಯ ಮನುಷ್ಯ ಹತ್ತಿರಲಾರ. ಮೇಲೆ ಚೌಕದ ಅಂಕಣವನ್ನು ಮುಚ್ಚುವ ಭಾರಿ ಗುಮ್ಮಟ. ಕಂಬಗಳ ಅಡ್ಡಿಯಿಲ್ಲ. ಮೂರು ಕಡೆ ಉಪ್ಪರಿಗೆ, ನಾಲ್ಕನೆಯ ಕಡೆ ಪ್ರಸಂಗಕಾರನ ವೇದಿಕೆ, ಅದರ ಹಿಂದೆ ಗಾಯಕರ ಸಾಲು, ಅದಕ್ಕೂ ಹಿಂದೆ ಆರ್ಗನ್ನಿನ ಕೊಳವೆಗಳು. ದೂರದಲ್ಲಿ ಕೂತವನ ಕಣ್ಣು ನಿಲ್ಲುವುದು ಮಾತನಾಡುವ ಮನುಷ್ಯನ ಮೇಲೆ. ವೆಸ್ಲಿಯ ಎಂಟು ಮೂಲೆಯ ಮನೆಯ ಶ್ರವಣತತ್ತ್ವ ಇಲ್ಲಿ ಬೃಹದಾಕಾರದಲ್ಲಿ ಮರಳಿದೆ.

ಆದಕಾರಣ ಇದು ಬರಿಯ ನಾಟಕಶಾಲೆಯ ಅನುಕರಣೆ ಎಂಬ ಮಾತು ನಿಲ್ಲುವುದಿಲ್ಲ. ಮೆಥಡಿಸ್ಟ್ ವಾಸ್ತುವಿನ ದೀರ್ಘ ಪರಂಪರೆಯಲ್ಲಿ ಎರವಲೆಂದು ಕರೆಯಬೇಕಾದದ್ದು ಗಾಥಿಕ್ಕನ್ನೇ ಹೊರತು ಸಭಾಂಗಣವನ್ನಲ್ಲ. ಆದರೆ ಪೂರ್ತಿ ಮರಳಿಕೆ ಎಂದೂ ಹೇಳಲಾಗದು. ನ್ಯೂ ರೂಮ್ ತನ್ನನ್ನು ತೋರಿಸಿಕೊಳ್ಳಲು ಕಟ್ಟಿದ್ದಲ್ಲ. ಸೆಂಟ್ರಲ್ ಹಾಲ್ ರಾಜಧಾನಿಯಲ್ಲಿ, ಅಧಿಕೃತ ಚರ್ಚಿನ ಮುಖಕ್ಕೆ ಮುಖ ಕೊಟ್ಟು, ‘ನಾವೂ ಈ ಸಾಮ್ರಾಜ್ಯದ ಒಂದು ದೊಡ್ಡ ಶಕ್ತಿ’ ಎಂದು ಸಾರಲು ಕಟ್ಟಿದ್ದು. ಅಬೆಗೆ ಎದುರಾದ ಪಕ್ಕದಲ್ಲಿ ರಿಕರ್ಡ್ಸ್ ಎರಡು ಗೋಪುರಗಳನ್ನೂ ಯೋಜಿಸಿದ್ದ. ಹಾಕ್ಸ್‌ಮೂರ್ ವಿನ್ಯಾಸದ ಅಬೆಯ ಪಶ್ಚಿಮ ಗೋಪುರಗಳ ಘನತೆಗೆ ಅವು ಕುಂದು ತರುತ್ತವೆಂದು ಆಕ್ಷೇಪ ಬಂದು ಅವು ಏಳಲೇ ಇಲ್ಲ. ಕಟ್ಟಡದ ಮುಂಭಾಗ ಏನೋ ಅರ್ಧಕ್ಕೆ ನಿಂತಂತೆ ಕಾಣುವುದಕ್ಕೆ ಇದು ಕಾರಣ. ಅಬೆಗೆ ಸಮನಾಗಿ ನಿಲ್ಲಲು ಹೊರಟ ಪಂಥಕ್ಕೆ ಎಷ್ಟು ಎತ್ತರದವರೆಗೆ ಅನುಮತಿಯಿದೆ ಎಂಬುದು ಆ ಗೋಪುರಗಳ ಗೈರುಹಾಜರಿಯಲ್ಲಿ ಸ್ಪಷ್ಟವಾಗಿದೆ.

ಭವನ ಪೂರ್ಣಗೊಳ್ಳುತ್ತಿದ್ದ ವರ್ಷ, 1911ರಲ್ಲಿ, ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷತೆಗೆ ಆರಿಸಿಬಂದವರು ಹೆನ್ರಿ ಹೇಗ್. ಮೈಸೂರಿನಿಂದ 1887ರಲ್ಲಿ ಹೊರಟ ‘ವೃತ್ತಾಂತ ಪತ್ರಿಕೆ’ಯ ಸಂಪಾದಕರಾಗಿ ಕನ್ನಡ ಪತ್ರಿಕೋದ್ಯಮದ ಚರಿತ್ರೆಗೆ ಸೇರಿದವರು. ಕನ್ನಡದಲ್ಲಿ ‘ಸಭೆ’ ‘ದೇವಾಲಯ’ಗಳ ಭೇದವನ್ನು ದಿನನಿತ್ಯ ಬಳಸಿದ್ದ ವ್ಯಕ್ತಿಯೊಬ್ಬರು ‘ಹಾಲ್’ ಎಂಬ ಹೆಸರಿನ ಈ ಕಟ್ಟಡದ ಕಾಲದಲ್ಲಿ ಪಂಥದ ನಾಯಕರಾಗಿದ್ದದ್ದು ಆಕಸ್ಮಿಕವಾದರೂ ನೆನಪಿಡತಕ್ಕದ್ದು.

5

ಸಭಾಂಗಣಕ್ಕೆ ತನ್ನದೇ ಆದ ಧಾರ್ಮಿಕ ಲಾಂಛನಗಳು ಕಡಿಮೆಯಿದ್ದುದರಿಂದ ಅದು ಬೇರೆ ಸಭೆಗಳಿಗೆ ಸುಲಭವಾಗಿ ತೆರೆದುಕೊಂಡಿತು. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರು 1914ರಲ್ಲಿ ಇಲ್ಲಿ ಕೂಡಿದರು. 1931ರಲ್ಲಿ ಗಾಂಧೀಜಿ ಇಲ್ಲಿಯ ಉಪನ್ಯಾಸದ ಅಂಕಣದಲ್ಲಿ ಮಾತನಾಡಿದರು. ಎರಡನೆಯ ಮಹಾಯುದ್ಧದಲ್ಲಿ ನೆಲಮಾಳಿಗೆ ಬಾಂಬುದಾಳಿಯಿಂದ ತಪ್ಪಿಸಿಕೊಳ್ಳುವ ಆಸರೆಯಾಯಿತು. 1946ರ ಜನವರಿ 10ರಂದು ವಿಶ್ವಸಂಸ್ಥೆಯ ಮಹಾಸಭೆಯ ಮೊಟ್ಟಮೊದಲ ಅಧಿವೇಶನ 51 ರಾಷ್ಟ್ರಗಳ ಪ್ರತಿನಿಧಿಗಳೊಂದಿಗೆ ಆರಂಭವಾದದ್ದು ಈ ಗುಮ್ಮಟದ ಕೆಳಗೆ. ಭಾರತದ ನಿಯೋಗದ ನೇತೃತ್ವ ವಹಿಸಿದ್ದ ಎ. ರಾಮಸ್ವಾಮಿ ಮುದಲಿಯಾರ್ ಅದೇ ವರ್ಷ ಮೈಸೂರಿನ ದಿವಾನರಾದರು. ಅಧಿವೇಶನದ ಅವಧಿಯಲ್ಲಿ ಮೆಥಡಿಸ್ಟ್ ಸಭೆ ತನ್ನ ಭಾನುವಾರದ ಆರಾಧನೆಯನ್ನು ಕೊಲಿಸಿಯಂ ಎಂಬ ನಾಟಕಶಾಲೆಗೆ ವರ್ಗಾಯಿಸಿಕೊಂಡಿತು. ಜಾಬ್ಸನ್ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಎಕ್ಲೇಸಿಯಾದ ಎರಡೂ ಅರ್ಥಗಳು, ಪೌರರ ಕೂಟ ಮತ್ತು ಭಕ್ತರ ಕೂಟ, ಒಂದೇ ಗುಮ್ಮಟದಡಿ ಸರದಿಯಂತೆ ಕೂತದ್ದು ಈ ಕಟ್ಟಡದ ಚರಿತ್ರೆಯಲ್ಲಿ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಲಾಂಛನವಿಲ್ಲದ ಅಂಕಣವನ್ನು ಪವಿತ್ರವಾಗಿಸುವುದು ಅಲ್ಲಿ ಕೂಡುವ ಜನ. ಆ ಜನ ಕರಗಿದರೆ ಗೋಡೆಗಳು ತಾವಾಗಿ ಏನನ್ನೂ ಹೇಳುವುದಿಲ್ಲ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆರಾಧನೆ ಉಳಿದುಬಂದಿದೆ. ಆದರೆ ಬರ್ಮಿಂಗ್‌ಹ್ಯಾಮಿನ ಕೆಂಪು ಸುಡುಮಣ್ಣಿನ ಸೆಂಟ್ರಲ್ ಹಾಲ್ ಸಭೆ ಕ್ಷೀಣಿಸಿದ ಮೇಲೆ ರಾತ್ರಿಯ ನರ್ತನಕೂಟಕ್ಕೆ ನೆಲೆಯಾಯಿತು. ಲಿವರ್‌ಪೂಲಿನದು ಅಂಗಡಿಗಳ ಸಂಕೀರ್ಣವಾಯಿತು. ಆ ಹೊಸ ಬಳಕೆಗೆ ಕಟ್ಟಡಗಳು ಒಗ್ಗಿಕೊಂಡ ಸರಾಗವೇ ಸಭಾಂಗಣ ತತ್ತ್ವದ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುತ್ತದೆ. ಗಾಥಿಕ್ ಕಟ್ಟಡ ಬಳಕೆ ತಪ್ಪಿದ ಮೇಲೂ ತಾನು ಏನಾಗಿದ್ದೆನೆಂದು ಹೇಳುತ್ತಲೇ ಇರುತ್ತದೆ.

ಬೆಂಗಳೂರಿನ ಕಡೆಗೆ ತಿರುಗಿದರೆ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ವೆಸ್ಲಿಯನ್ ಪರಂಪರೆಯ ಮೈಸೂರು ಸೀಮೆಯ ಸಭೆಗಳೂ ಹಡ್ಸನ್ ಸ್ಮಾರಕ ದೇವಾಲಯವೂ ಅದರೊಳಗೆ ಬಂದವು. ಆಂಗ್ಲಿಕನ್ ಪರಂಪರೆಯವರೂ ಸೇರಿದ್ದ ಆ ಸಂಯುಕ್ತ ಸಭೆಯು 1950ರಲ್ಲಿ ಪ್ರಭುಭೋಜನದ ಹೊಸ ಆರಾಧನಾಕ್ರಮವನ್ನು ಹೊರತಂದಿತು. ಅದರ ಗಮನಾರ್ಹ ಸೂಚನೆಗಳಲ್ಲೊಂದು ವಾಸ್ತುವಿಗೆ ನೇರವಾಗಿ ಸಂಬಂಧಿಸಿದ್ದು: ಸಭಾಪಾಲಕರು ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲಬಹುದು. ಗಾಥಿಕ್ ವಿನ್ಯಾಸದಲ್ಲಿ ಮೇಜಿನ ಸ್ಥಾನ ಕೊನೆಯ ಗೋಡೆಗೆ ಒತ್ತಿ. ಹಿಂದೆ ನಿಲ್ಲಲು ಎಡೆಯಿರುವುದಿಲ್ಲ. ಹೀಗೆ ನಿಲ್ಲಬೇಕಾದರೆ ಮೇಜನ್ನು ಗೋಡೆಯಿಂದ ಬಿಡಿಸಿ ಜನರ ಕಡೆಗೆ ಕೆಲವು ಅಡಿ ಮುಂದಕ್ಕೆ ಸರಿಸಬೇಕಾಗುತ್ತದೆ.